ಎಳನೀರಿನ ಊರಿನಲ್ಲಿ ಟೆಲ್ಮಿಸಾರ್ಟಾನ್: ಕೆಲವು ವರ್ಷಗಳ ಬಳಕೆಯ ನಂತರ

ರಕ್ತದೊತ್ತಡಕ್ಕೆ, ಅಂದರೆ ಬಿ.ಪಿ.ಗೆ, ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಒಳ್ಳೆಯ ಮಾತ್ರೆ. ದಿನಕ್ಕೆ ಒಂದು ನುಂಗಿದರೆ ಸಾಕು, ಊಟಕ್ಕೆ ಮುಂಚೆಯೂ ಆಗುತ್ತದೆ, ಆಮೇಲೂ ಆಗುತ್ತದೆ. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನಾನು ಕೆಲವು ವರ್ಷಗಳಿಂದ ಇದನ್ನು ಬಿಡದೆ ತೆಗೆದುಕೊಳ್ಳುತ್ತಿದ್ದೇನೆ. ಒಣ ಕೆಮ್ಮು ಬಂದಿಲ್ಲ, ಕಾಲು ಊದಿಲ್ಲ. ಆರಂಭದ ದಿನಗಳಲ್ಲಿ ಕುಳಿತಲ್ಲಿಂದ ದಡಕ್ಕನೆ ಎದ್ದರೆ ತುಸು ತಲೆ ಸುತ್ತುತ್ತಿತ್ತು, ಅದೂ ನಿಂತಿತು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಡಿಮೆ ಮಾಡಿದ್ದು ಸ್ಟ್ರಿಪ್‌ಗಳ ಗೊಂದಲಕ್ಕಾಗಿ.

ಆ ಗೊಂದಲವನ್ನು ಬಿಡಿಸಿ ಹೇಳಲೇಬೇಕು. ಟೆಲ್ಮಿಸಾರ್ಟಾನ್ ಒಂದೇ ಇರುವ ಮಾತ್ರೆ ಬೇರೆ, ಅದರೊಡನೆ ಇನ್ನೊಂದು ಔಷಧಿ ಬೆರೆತ ಮಾತ್ರೆ ಬೇರೆ. ಹೆಸರಿನ ಕೊನೆಯಲ್ಲಿ ‘ಎಚ್’ ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್ ಸೇರಿರುತ್ತದೆ, ಅಂದರೆ ಮೂತ್ರ ಹೆಚ್ಚಿಸುವ ಔಷಧಿ. ‘ಎಎಂ’ ಇದ್ದರೆ ರಕ್ತನಾಳ ಸಡಿಲಿಸುವ ಅಮ್ಲೋಡಿಪಿನ್, ‘ಸಿಟಿ’ ಇದ್ದರೆ ಕ್ಲೋರ್ಥಾಲಿಡೋನ್, ಅದೂ ಮೂತ್ರ ಹೆಚ್ಚಿಸುವುದೇ. ಒಂದೇ ಕಂಪನಿಯದಾದರೆ ಅಕ್ಷರ, ಬಣ್ಣ ಎಲ್ಲವೂ ಅಕ್ಕತಂಗಿಯರಂತೆ ಕಾಣುತ್ತವೆ. ಒಮ್ಮೆ ಮೆಡಿಕಲ್ ಅಂಗಡಿಯಲ್ಲಿ ಹುಡುಗನೊಬ್ಬ ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕುವಷ್ಟರಲ್ಲಿ ನಾನು ಕೈಗೆ ತೆಗೆದುಕೊಂಡು ತಿರುಗಿಸಿದೆ. ಕತ್ತರಿ ಬಿದ್ದ ಕಡೆ ಹೆಸರಿನ ಅರ್ಧ ಹೋಗಿತ್ತು. ಬೆಳಕಿಗೆ ಹಿಡಿದು ಓದಿದರೆ, ಫಾಯಿಲ್ ಮೇಲೆ ಸಣ್ಣ ಅಕ್ಷರದಲ್ಲಿ ಎರಡನೆಯ ಔಷಧಿಯ ಹೆಸರು, ಮೂತ್ರ ಹೆಚ್ಚಿಸುವಂಥದ್ದು. “ಎಲ್ಲವೂ ಬಿ.ಪಿ. ಮಾತ್ರೆಯೇ ಅಲ್ಲವೇ ಅಮ್ಮ” ಎಂದ. “ಅಲ್ಲಪ್ಪ, ಚೀಟಿಯಲ್ಲಿ ಬರೆದಿರುವುದನ್ನು ಕೊಡು” ಎಂದು ಬದಲಾಯಿಸಿಕೊಂಡು ಬಂದೆ. ದಿನವೂ ಬಿಸಿಲಿನಲ್ಲಿ ಮೂಟೆ ಹೊರುವ ನಮ್ಮ ಹಮಾಲರಲ್ಲಿ ಯಾರಿಗಾದರೂ ಆ ಸ್ಟ್ರಿಪ್ ಹೋಗಿದ್ದರೆ? ಬೆವರಿನಲ್ಲಿ ನೀರು ಹೋಗುವುದರ ಮೇಲೆ ಬೇಡದ ಮೂತ್ರದ ಮಾತ್ರೆಯೂ ಸೇರಿ, ಒತ್ತಡ ಇಳಿದು, ಸೋಡಿಯಂ ಕುಸಿದು ಕೆಲಸದ ನಡುವೆಯೇ ಬೀಳಬಹುದಿತ್ತು. ಆದ್ದರಿಂದ ಹೆಸರು, ಮಿಲಿಗ್ರಾಂ, ಅವಧಿ ಮುಗಿಯುವ ತಿಂಗಳು ಮೂರೂ ಕಾಣುವ ಹಾಗೆ ಇಡೀ ಸ್ಟ್ರಿಪ್ ಕೇಳಿ ಪಡೆಯಿರಿ.

ಸ್ಟ್ರಿಪ್ ಉಳಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಟೆಲ್ಮಿಸಾರ್ಟಾನ್ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ನುಂಗುವ ಹೊತ್ತಿಗೇ ಫಾಯಿಲ್ ಒಡೆಯಬೇಕು ಎಂದು ತಯಾರಕರು ಹೇಳುವುದು ಅದಕ್ಕೇ. ವಾರದ ಮಾತ್ರೆಗಳನ್ನು ಬಿಡಿಸಿ ಖಾನೆ ಖಾನೆಯ ಡಬ್ಬಿಗೆ ತುಂಬಿಡುವ ಅಭ್ಯಾಸ ಬೇರೆ ಮಾತ್ರೆಗಳಿಗೆ ಸರಿಯಿರಬಹುದು, ಇದಕ್ಕೆ ಬೇಡ. ನಮ್ಮತ್ತೆಯ ಡಬ್ಬಿಯಲ್ಲಿ ನಾನು ಇದನ್ನು ಫಾಯಿಲ್ ಸಮೇತ ಕತ್ತರಿಸಿ ಇಡುತ್ತೇನೆ, ಹೆಸರು ಮತ್ತು ತಾರೀಖು ಇರುವ ತುಂಡನ್ನು ಪಕ್ಕದಲ್ಲೇ ಉಳಿಸಿಕೊಂಡು.

ಇನ್ನು ಎಳನೀರಿನ ವಿಷಯ. ನಮ್ಮ ತಾಲ್ಲೂಕಿನಲ್ಲಿ, ತುರುವೇಕೆರೆಯಲ್ಲಿ, ಗುಬ್ಬಿಯಲ್ಲಿ ಮನೆಗೆ ಬಂದವರಿಗೆ ಎಳನೀರು ಕೆತ್ತಿ ಕೊಡದೆ ಕಳುಹಿಸುವುದಿಲ್ಲ. “ಬಿ.ಪಿ.ಗೆ ತಂಪು, ಎಷ್ಟು ಬೇಕಾದರೂ ಕುಡಿ” ಎಂಬ ಸಲಹೆಯೂ ಅದರ ಜೊತೆಗೇ ಬರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಬಹಳ. ಟೆಲ್ಮಿಸಾರ್ಟಾನ್ ರಕ್ತನಾಳಗಳನ್ನು ಬಿಗಿ ಮಾಡುವ ಆಂಜಿಯೋಟೆನ್ಸಿನ್‌ನ ಕೆಲಸವನ್ನು ತಡೆಯುತ್ತದೆ. ಅದೇ ದಾರಿಯಲ್ಲಿ ಆಲ್ಡೋಸ್ಟೆರೋನ್ ಎಂಬ ಹಾರ್ಮೋನ್ ಕೂಡ ಇಳಿಯುವುದರಿಂದ ದೇಹ ಪೊಟ್ಯಾಸಿಯಂ ಹೊರಹಾಕುವುದು ಕಡಿಮೆಯಾಗುತ್ತದೆ. ಮೂತ್ರಪಿಂಡ ಗಟ್ಟಿಯಾಗಿರುವವರಿಗೆ ಅಪರೂಪಕ್ಕೊಂದು ಎಳನೀರು ತೊಂದರೆ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ಕಿಡ್ನಿ ಸೊರಗಿರುವವರು, ವಯಸ್ಸಾದವರು ದಿನಕ್ಕೆರಡು ಮೂರು ಕುಡಿದರೆ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಅದು ಏರುವಾಗ ಮೈಗೆ ಗೊತ್ತಾಗದೆಯೂ ಇರಬಹುದು. ರಕ್ತ ಪರೀಕ್ಷೆಯೇ ಹೇಳಬೇಕು. ‘ಸೋಡಿಯಂ ಕಡಿಮೆ’ ಎಂದು ಮಾರುವ ಉಪ್ಪಿನಲ್ಲೂ ಸಾಮಾನ್ಯವಾಗಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಆರೋಗ್ಯಕರವೆಂದು ಮಕ್ಕಳು ಬೆಂಗಳೂರಿನಿಂದ ತಂದುಕೊಟ್ಟರೂ ವೈದ್ಯರನ್ನು ಕೇಳದೆ ಒಗ್ಗರಣೆಗೆ ಹಾಕಬೇಡಿ. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ. ದಿನಕ್ಕೆ 5 ಗ್ರಾಂ ಒಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಒಂದು ಟೀ ಚಮಚಕ್ಕಿಂತ ಕಡಿಮೆ.

ಮಂಡಿಯಲ್ಲಿ ನನಗೆ ಹೆಚ್ಚು ಹೆದರಿಕೆಯಾಗುವುದು ನೋವಿನ ಮಾತ್ರೆಗಳನ್ನು ಕಂಡಾಗ. ಸೊಂಟ ಹಿಡಿಯಿತು, ಮೊಣಕಾಲು ನೋವು ಎಂದು ಡೈಕ್ಲೋಫಿನಾಕ್, ಅಸೆಕ್ಲೋಫಿನಾಕ್, ಐಬುಪ್ರೊಫೆನ್ ಯಾವುದನ್ನಾದರೂ ಕೇಳಿ ತಂದು ನುಂಗುತ್ತಾರೆ. ಇವು ಒತ್ತಡವನ್ನು ಏರಿಸುತ್ತವೆ, ಟೆಲ್ಮಿಸಾರ್ಟಾನ್‌ನ ಕೆಲಸವನ್ನು ಕುಗ್ಗಿಸುತ್ತವೆ. ಜೊತೆಗೆ ಮೂತ್ರದ ಮಾತ್ರೆಯೂ ಇದ್ದರೆ ಮೂರೂ ಸೇರಿ ಕಿಡ್ನಿಗೆ ದೊಡ್ಡ ಪೆಟ್ಟು. ವಾಂತಿ ಭೇದಿ ಹತ್ತಿ ನೀರು ನಿಲ್ಲದಿದ್ದಾಗಲೂ ಹಾಗೆಯೇ: ಆ ದಿನ ಮಾತ್ರೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಕೂಡಲೇ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ತುಟಿ, ಮುಖ, ನಾಲಿಗೆ ಊದಿದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಓಡಬೇಕು.

ಗರ್ಭಿಣಿಯರು ಇದನ್ನು ತೆಗೆದುಕೊಳ್ಳಲೇಬಾರದು, ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಈಗ ಮೂವತ್ತರ ಹೆಣ್ಣುಮಕ್ಕಳಿಗೂ ಬಿ.ಪಿ. ಬರುತ್ತಿದೆ. ಮಗು ಬೇಕೆಂದಿರುವವರು ಮೊದಲೇ ಹೇಳಿ ಮಾತ್ರೆ ಬದಲಾಯಿಸಿಕೊಳ್ಳಬೇಕು. ಅತ್ತೆಯ ಮಾತ್ರೆಯನ್ನು ಸೊಸೆಗೆ ಕೊಡುವ ಮನೆಗಳು ಇವೆ, ದಯವಿಟ್ಟು ಬೇಡ.

ಫಲ ಕಾಣಲು ತಾಳ್ಮೆ ಬೇಕು, ಪೂರ್ತಿ ಪರಿಣಾಮಕ್ಕೆ 4ರಿಂದ 8 ವಾರ ಹಿಡಿಯುತ್ತದೆ. ಮನೆಯ ಯಂತ್ರದಲ್ಲಿ ನೋಡುವಾಗ ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ನೋಡಿ ಬರೆದಿಟ್ಟುಕೊಳ್ಳುತ್ತೇನೆ. ಆ ಪುಸ್ತಕವನ್ನು ನೋಡಿದರೆ ನಮ್ಮ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಅಂಕಿ ಸರಿಯಾಯಿತೆಂದು ಮಾತ್ರೆ ಬಿಡುವಂತಿಲ್ಲ, ಅದು ಸರಿಯಾಗಿರುವುದೇ ಮಾತ್ರೆಯಿಂದ. ಒಂದು ಹೊತ್ತು ತಪ್ಪಿದರೆ ಅದೇ ದಿನ ನೆನಪಾದಾಗ ತೆಗೆದುಕೊಳ್ಳಿ, ಮರುದಿನ ಎರಡು ನುಂಗಬೇಡಿ. ಶುರು ಮಾಡಿದ ಕೆಲವು ವಾರಗಳಲ್ಲಿ ಮತ್ತು ಪ್ರಮಾಣ ಬದಲಾದಾಗಲೆಲ್ಲ ಕಿಡ್ನಿಯ ಕೆಲಸ ತಿಳಿಸುವ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು.

ಬೆಲೆಯ ಬಗ್ಗೆ ಕೇಳುವವರಿಗೆ: ಜನೌಷಧಿ ಕೇಂದ್ರದಲ್ಲಿ ಇದೇ ಟೆಲ್ಮಿಸಾರ್ಟಾನ್ ಬ್ರ್ಯಾಂಡಿನದಕ್ಕಿಂತ ಬಹಳ ಅಗ್ಗ, ನಾನು ಈಗ ತೆಗೆದುಕೊಳ್ಳುತ್ತಿರುವುದು ಅದನ್ನೇ. ಬದಲಾಯಿಸಿದಾಗ ವೈದ್ಯರಿಗೆ ಹೇಳಿ, ಒಂದೆರಡು ವಾರ ಒತ್ತಡವನ್ನು ಪದೇ ಪದೇ ನೋಡಿಕೊಂಡೆ. ಅಂಕಿಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.