ಟಿಪ್ಪಣಿ ಇರೋ ಕನ್ನಡ ಸ್ಟಡಿ ಬೈಬಲ್: ರೆಫರೆನ್ಸ್‌ಗೆ ಪೂರ್ತಿ ಮಾರ್ಕ್ಸ್, ಟಿಪ್ಪಣಿಗೆ ಅರ್ಧ

ಸ್ಟಡಿ ಬೈಬಲ್ (ವಾಕ್ಯದ ಜೊತೆ ವಿವರಣೆನೂ ಇರೋದು) ತಗೋಬೇಕಾ, ಮಾಮೂಲಿದೇ ಸಾಕಾ ಅಂತ ನಮ್ಮ ಸಭೆಯಲ್ಲಿ, ಅಂದ್ರೆ ಚರ್ಚಲ್ಲಿ, ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ. ನನ್ನ ಹತ್ರ ಇರೋದು ಜಿಪ್ ಕವರ್, ಥಂಬ್ ಇಂಡೆಕ್ಸ್, ನಡುವಿನ ಕಾಲಮ್‌ನಲ್ಲಿ ರೆಫರೆನ್ಸು (ಆ ವಾಕ್ಯಕ್ಕೆ ಸಂಬಂಧಪಟ್ಟ ಬೇರೆ ವಾಕ್ಯಗಳು ಎಲ್ಲಿವೆ ಅನ್ನೋ ಸೂಚನೆ), ಪುಟದ ಕೆಳಗೆ ಟಿಪ್ಪಣಿ ಇರೋ 66 ಪುಸ್ತಕದ ಪ್ರೊಟೆಸ್ಟಂಟ್ ಬೈಬಲ್. ಬೈಂಡಿಂಗ್ ಗಟ್ಟಿ ಇದೆ, ಅಕ್ಷರ ಸಣ್ಣದು, ವಯಸ್ಸಾದವರಿಗೆ ಕೊಡೋದಾದ್ರೆ ದಪ್ಪಕ್ಷರದ್ದೇ ನೋಡಿ.

ನಾನು ಇದನ್ನ ಒಂದು ಪ್ರಶ್ನೆ ಇಟ್ಕೊಂಡೇ ಓದ್ದೆ. ದೇವರ ಅಧಿಕಾರ ಅಂತ ನಾವು ಹೇಳ್ತೀವಲ್ಲ, ಅದು ಬರೋದು ಎಲ್ಲಿಂದ, ಪುಸ್ತಕದಿಂದನಾ, ಸಭೆಯಿಂದನಾ, ಇಲ್ಲ ವೇದಿಕೆ ಮೇಲೆ ನಿಂತು ಪ್ರಸಂಗ ಮಾಡೋರಿಂದನಾ? ಈ ಕೆಲಸಕ್ಕೆ ರೆಫರೆನ್ಸ್ ಕಾಲಮ್ ನಿಜವಾಗ್ಲೂ ಚಿನ್ನ. ಮಾರ್ಕ 11 ತೆಗೀರಿ. ಮಹಾಯಾಜಕರು, ಶಾಸ್ತ್ರಿಗಳು, ಹಿರಿಯರು ಎಲ್ಲ ಒಟ್ಟಿಗೆ ಬಂದು ದೇವಾಲಯದಲ್ಲೇ ಯೇಸುಸ್ವಾಮೀನ ತಡೆದು ಯಾವ ಅಧಿಕಾರದಿಂದ ಇದೆಲ್ಲ ಮಾಡ್ತಿದೀಯ ಅಂತ ಕೇಳ್ತಾರೆ, ಸ್ವಾಮಿ ಯೋಹಾನನ ದೀಕ್ಷಾಸ್ನಾನ ಪರಲೋಕದಿಂದ ಬಂತೋ ಮನುಷ್ಯರಿಂದ ಬಂತೋ ಹೇಳಿ ಅಂತ ತಿರುಗಿ ಕೇಳ್ತಾರೆ, ಅವರು ಪರಲೋಕದಿಂದ ಅಂದ್ರೆ ಮತ್ತೆ ಯಾಕೆ ನಂಬ್ಲಿಲ್ಲ ಅನ್ನೋ ಪ್ರಶ್ನೆ ಬರುತ್ತೆ, ಮನುಷ್ಯರಿಂದ ಅಂದ್ರೆ ಜನರ ಭಯ, ಕೊನೆಗೆ ಗೊತ್ತಿಲ್ಲ ಅಂತಾರೆ. ದೊಡ್ಡ ಪದವಿಯಲ್ಲಿ ಇದ್ದವರೇ ಅವರು, ಆದ್ರೂ ಬಾಯಿ ಕಟ್ಟಿಹೋಯ್ತು. ಅಲ್ಲಿಂದ ರೆಫರೆನ್ಸ್ ಹಿಡ್ಕೊಂಡು ಹೋದ್ರೆ ಮತ್ತಾಯ 28:18, ಪರಲೋಕದಲ್ಲೂ ಭೂಲೋಕದಲ್ಲೂ ಎಲ್ಲಾ ಅಧಿಕಾರ ನನಗೆ ಕೊಟ್ಟಿದೆ ಅನ್ನೋ ಮಾತು. ಯೋಹಾನ 19:11ರಲ್ಲಿ ಪಿಲಾತನಿಗೆ, ಮೇಲಿಂದ ಕೊಡದೇ ಇದ್ರೆ ನಿನಗೆ ನನ್ನ ಮೇಲೆ ಅಧಿಕಾರನೇ ಇರ್ತಿರ್ಲಿಲ್ಲ ಅಂತ ಹೇಳೋದು. ಯೋಹಾನ 5:39ರಲ್ಲಂತೂ ಶಾಸ್ತ್ರಗಳು ನನ್ನ ಬಗ್ಗೆನೇ ಸಾಕ್ಷಿ ಹೇಳ್ತವೆ ಅಂತಾರೆ. ಅಂದ್ರೆ ಅಧಿಕಾರ ತಂದೆಯದು, ಅದು ಕ್ರಿಸ್ತನ ಕೈಲಿದೆ, ವಾಕ್ಯ ಅವನಿಗೆ ಸಾಕ್ಷಿ, ಸಭೆ ಅವನ ಸೇವೆಗೆ. ನಾನು ನಂಬೋದು ಇದನ್ನೇ, ಯಾರದೇ ಪ್ರಸಂಗ ಕೇಳದೆ ಬರೀ ವಾಕ್ಯದಿಂದ ವಾಕ್ಯಕ್ಕೆ ಹೋಗ್ತಾ ಇದನ್ನ ನೋಡ್ಬಹುದು, ಅದಕ್ಕೇ ಈ ಕಾಲಮ್‌ಗೆ ಪೂರ್ತಿ ಮಾರ್ಕ್ಸ್.

ಬೇಜಾರಾಗಿದ್ದು ಟಿಪ್ಪಣಿ ವಿಷಯದಲ್ಲಿ. ಮತ್ತಾಯ 16:18, ಈ ಬಂಡೆಯ ಮೇಲೆ ನನ್ನ ಸಭೆ ಕಟ್ತೀನಿ ಅಂತ ಪೇತ್ರನಿಗೆ ಹೇಳಿದ ಮಾತು. ಬಂಡೆ ಅಂದ್ರೆ ಪೇತ್ರನ ನಂಬಿಕೆಯ ಅರಿಕೆ, ಅಂದ್ರೆ ನೀನೇ ಕ್ರಿಸ್ತ ಅಂತ ಅವನು ಬಾಯಿಬಿಟ್ಟು ಒಪ್ಕೊಂಡಿದ್ದು, ಅಂತ ಒಂದೇ ಅರ್ಥ ಕೊಟ್ಟು ಮುಗಿಸಿಬಿಟ್ಟಿದಾರೆ. ಕ್ಯಾಥೋಲಿಕ್ರು ಇದೇ ಮಾತಿನ ಮೇಲೆ ಪೋಪ್ ಅಧಿಕಾರ ನಿಂತಿದೆ ಅಂತ ನಂಬ್ತಾರೆ, 1870ರ ವ್ಯಾಟಿಕನ್ ಮಹಾಸಭೆಯೂ ಈ ವಾಕ್ಯವನ್ನೇ ಆಧಾರವಾಗಿ ತಗೊಂಡಿತ್ತು, ಒಪ್ಪೋದು ಬಿಡೋದು ಬೇರೆ ವಿಷಯ, ಕೋಟ್ಯಂತರ ಜನ ಹಾಗೆ ಓದ್ತಾರೆ ಅಂತ ಒಂದು ಸಾಲಾದ್ರೂ ಬೇಡ್ವಾ? ಅಲ್ಲೇ ಪೇತ್ರನಿಗೆ ಕೊಟ್ಟ ಕಟ್ಟೋ ಬಿಚ್ಚೋ ಅಧಿಕಾರನ ಮತ್ತಾಯ 18:18ರಲ್ಲಿ ಎಲ್ಲ ಶಿಷ್ಯರಿಗೂ ಕೊಟ್ಟಿರೋದು ನಡುವಿನ ಕಾಲಮ್‌ನಲ್ಲಿ ಇದೆ, ಕೆಳಗಿನ ಟಿಪ್ಪಣಿಯಲ್ಲಿ ಅದರ ಸುದ್ದಿನೇ ಇಲ್ಲ.

ಪುಸ್ತಕದ ಶುರುವಿನಲ್ಲಿರೋ ಪೀಠಿಕೆಯೂ ಹೀಗೇ. 66 ಪುಸ್ತಕ ದೇವರು ಕೊಟ್ಟಿದ್ದು ಅಂತ ಹೇಳಿ ಮುಂದಕ್ಕೆ ಹೋಗ್ತಾರೆ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನ ನಾವು ಈಗ ಓದೋ ಹಾಗೇ ಪಟ್ಟಿ ಮಾಡಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ 367ರಲ್ಲಿ ಸಭೆಗಳಿಗೆ ಪತ್ರ ಬರೆದಿದ್ದು, 1546ರಲ್ಲಿ ಟ್ರೆಂಟ್ ಮಹಾಸಭೆ ಕ್ಯಾಥೋಲಿಕ್ರ ಪಟ್ಟಿ ಗಟ್ಟಿ ಮಾಡಿದ್ದು, ಅವರ ಬೈಬಲ್‌ನಲ್ಲಿ 73 ಇರೋದು, ಇದೆಲ್ಲ ಓದುಗರಿಗೆ ಗೊತ್ತಾಗ್ಬೇಕು. ಯಾಕಂದ್ರೆ ಸಭೆ ಪುಸ್ತಕಕ್ಕೆ ಅಧಿಕಾರ ಕೊಡ್ತಾ, ಇಲ್ಲ ಅದರಲ್ಲಿ ಆಗಲೇ ಇದ್ದ ಅಧಿಕಾರನ ಗುರುತಿಸಿತಾ ಅನ್ನೋದೇ ನಮ್ಮ ನಡುವಿನ ದೊಡ್ಡ ಚರ್ಚೆ. ನಾನು ಗುರುತಿಸಿತು ಅನ್ನೋ ಕಡೆಯವ್ಳು, ಆದ್ರೆ ಆ ಚರ್ಚೆ ಇದೆ ಅನ್ನೋದನ್ನೇ ಮುಚ್ಚಿಡೋದು ಸರಿಯಲ್ಲ.

ಇನ್ನೊಂದು, ವಾಕ್ಯಕ್ಕೂ ಟಿಪ್ಪಣಿಗೂ ನಡುವೆ ಒಂದು ತೆಳು ಗೆರೆ ಬಿಟ್ರೆ ಏನೂ ಇಲ್ಲ, ಅಕ್ಷರನೂ ಒಂದೇ ಥರ. ಬೈಬಲ್ ಸ್ಟಡಿಯಲ್ಲಿ ಒಬ್ರು ಟಿಪ್ಪಣಿನೇ ಓದಿ "ವಾಕ್ಯ ಹೀಗೆ ಹೇಳುತ್ತೆ" ಅಂದ್ರು, ಯಾರೂ ತಿದ್ದಲಿಲ್ಲ. ಯಾರೋ ಬರೆದ ವಿವರಣೆಗೆ ದೇವರ ಮಾತಿನ ಬೆಲೆ ಸಿಕ್ಕಿಬಿಡ್ತು ನೋಡಿ.

ಹೊಸದಾಗಿ ಓದೋಕೆ ಶುರು ಮಾಡೋರು ಟಿಪ್ಪಣಿ ಇಲ್ಲದೆ ಬರೀ ರೆಫರೆನ್ಸ್ ಇರೋದು ತಗೊಳ್ಳಿ, ಬೆಲೆನೂ ಕಮ್ಮಿ. ಸಂಡೇ ಸ್ಕೂಲ್, ಯೂತ್ ಗ್ರೂಪಲ್ಲಿ ಕಲಿಸೋರಿಗೆ ಇದು ಪ್ರಯೋಜನ ಆಗುತ್ತೆ, ಜೊತೆಗೆ 73 ಪುಸ್ತಕದ ಕ್ಯಾಥೋಲಿಕ್ ಬೈಬಲ್ಲೂ ಒಂದು ಇಟ್ಕೊಳ್ಳಿ. ಪ್ರಕಾಶಕರು ಮುಂದಿನ ಸಲ ಟಿಪ್ಪಣಿಗಳನ್ನೆಲ್ಲ ತೆಗೆದು ಪುಸ್ತಕದ ಕೊನೆಗೆ ಹಾಕಿದ್ರೆ ನಾನು ಇನ್ನೊಂದು ಪ್ರತಿ ಖಂಡಿತ ತಗೋತೀನಿ.