ಇಂಟೆಲಿಜೆ ಐಡಿಯಾದ ಆಟೋ ಇಂಪೋರ್ಟ್: ಒಂದು ವಿಮರ್ಶೆ

ಜಾವಾ ಭಾಷೆಯಲ್ಲಿ ಒಂದೇ ಹೆಸರಿನ ಕ್ಲಾಸುಗಳು (ಕೋಡಿನ ಘಟಕಗಳು) ಬೇರೆ ಬೇರೆ ಪ್ಯಾಕೇಜುಗಳಲ್ಲಿ (ಕ್ಲಾಸುಗಳ ಗುಂಪುಗಳಲ್ಲಿ) ಇರುವುದು ಸಾಮಾನ್ಯವಾದ್ದರಿಂದ, ಸರಿಯಾದದ್ದನ್ನು ಆರಿಸಿಕೊಳ್ಳಲು ಕೋಡ್ ಬರೆಯುವ ತಂತ್ರಾಂಶವಾದ ಇಂಟೆಲಿಜೆ ಐಡಿಯಾದ ಆಟೋ ಇಂಪೋರ್ಟ್ (ಕ್ಲಾಸನ್ನು ಫೈಲಿಗೆ ತರುವ ‘ಇಂಪೋರ್ಟ್’ ಸಾಲನ್ನು ತಾನೇ ಬರೆಯುವ ಸೌಲಭ್ಯ) ಎಷ್ಟು ನೆರವಾಗುತ್ತದೆ ಎಂಬುದು ದಿನವಿಡೀ ಕೋಡ್ ಬರೆಯುವವರಿಗೆ ಮುಖ್ಯ. ‘ಲಿಸ್ಟ್’ ಎಂದು ಟೈಪ್ ಮಾಡಿ ಆಲ್ಟ್ ಮತ್ತು ಎಂಟರ್ ಒತ್ತಿದರೆ, ಜಾವಾ.ಯುಟಿಲ್ ಮತ್ತು ಗ್ರಾಫಿಕ್ಸ್‌ಗಾಗಿರುವ ಜಾವಾ.ಎಡಬ್ಲ್ಯೂಟಿ ಎಂಬ ಪ್ಯಾಕೇಜುಗಳೆರಡರ ಲಿಸ್ಟ್‌ಗಳನ್ನೂ ಮುಂದಿಟ್ಟು ಆಯ್ಕೆಯನ್ನು ನಮಗೇ ಬಿಡುತ್ತದೆ. ಈ ಸಂಯಮ ನನಗೆ ಹಿಡಿಸಿತು. ಗ್ರಾಫಿಕ್ಸ್ ಇಲ್ಲದ ಪ್ರಾಜೆಕ್ಟುಗಳಲ್ಲಿ ಎಡಬ್ಲ್ಯೂಟಿಯನ್ನು ಸೆಟ್ಟಿಂಗ್ಸ್‌ನ ಹೊರಗಿಡುವ ಪಟ್ಟಿಗೆ ಸೇರಿಸಿದರೆ ಆ ಗೊಂದಲವೇ ಏಳುವುದಿಲ್ಲ.

ಒಪ್ಪಲಾಗದ್ದು ಅದರ ಡೀಫಾಲ್ಟ್: ಒಂದು ಪ್ಯಾಕೇಜಿನಿಂದ 5 ಕ್ಲಾಸುಗಳಾದ ಕೂಡಲೇ ಬಿಡಿ ಇಂಪೋರ್ಟುಗಳನ್ನು ಇಡೀ ಪ್ಯಾಕೇಜನ್ನೇ ತರುವ ನಕ್ಷತ್ರ ಚಿಹ್ನೆಯ (*) ಒಂದೇ ಸಾಲಿಗೆ ಇಳಿಸುತ್ತದೆ. ಎರಡು ಪ್ಯಾಕೇಜುಗಳು ಹೀಗೆ ಇಡಿಯಾಗಿ ಬಂದಾಗ, ಲೈಬ್ರರಿಯ ಮುಂದಿನ ಆವೃತ್ತಿಯಲ್ಲಿ ಒಂದಕ್ಕೆ ಸೇರುವ, ಇನ್ನೊಂದರಲ್ಲಿ ಈಗಾಗಲೇ ಇರುವ ಹೆಸರಿನ ಹೊಸ ಕ್ಲಾಸೊಂದು ನಾವು ಮುಟ್ಟದೇ ಇದ್ದ ಫೈಲನ್ನೂ ಕಂಪೈಲ್ ಆಗದಂತೆ ಮಾಡಬಲ್ಲದು. 1998ರಲ್ಲಿ ಜಾವಾ 1.2ರೊಂದಿಗೆ ಯುಟಿಲ್‌ಗೆ ಲಿಸ್ಟ್ ಸೇರಿದಾಗ ಹಳೆಯ ಎಡಬ್ಲ್ಯೂಟಿ ಕೋಡಿಗೆ ಆದದ್ದು ಇದೇ. ಮಿತಿಯನ್ನು 999ಕ್ಕೆ ಏರಿಸಿಬಿಡುವುದು ಲೇಸು.

ಯುಟಿಲ್ ಮತ್ತು ಡೇಟಾಬೇಸ್‌ಗಾಗಿರುವ ಎಸ್‌ಕ್ಯೂಎಲ್ ಪ್ಯಾಕೇಜುಗಳ ಎರಡು ‘ಡೇಟ್’ಗಳು ಒಂದೇ ಫೈಲಿನಲ್ಲಿ ಬೇಕಾದರೆ, ಕಾಟ್ಲಿನ್ ಭಾಷೆಯಂತೆ ಇಂಪೋರ್ಟಿನಲ್ಲಿ ಬೇರೆ ಹೆಸರಿಡುವ ಅವಕಾಶ ಜಾವಾದಲ್ಲಿ ಇಲ್ಲದಿರುವುದರಿಂದ, ಎರಡನೆಯದನ್ನು ಆರಿಸಿದಾಗ ಐಡಿಯಾ ಪ್ಯಾಕೇಜು ಸಹಿತ ಅದರ ಪೂರ್ಣ ಹೆಸರನ್ನೇ ಬರೆದುಕೊಡುತ್ತದೆ.