ಎಡಗಡೆ ಒಂದು ರೀತಿ, ಬಲಗಡೆ ಇನ್ನೊಂದು: ಹಳೇ ಪಿಕಪ್‌ನ ಸಂದು ಕೂರಿಸಿದ ಲೆಕ್ಕ

ಬೆಂಗಳೂರಿನ ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿ ನನ್ನ 1951ರ ಷೆವರ್ಲೆ ಪಿಕಪ್ ಎರಡು ವರ್ಷದಿಂದ ನಿಂತಿದೆ. ಜನರಲ್ ಮೋಟಾರ್ಸ್ 1928ರಿಂದ 1954ರವರೆಗೆ ಬಾಂಬೆಯಲ್ಲಿ ಗಾಡಿ ಜೋಡಿಸುತ್ತಿತ್ತಲ್ವಾ, ಇದೂ ಆ ಕಾಲದ್ದು. ಮುಂದೆ ಐದು ಅಡ್ಡಪಟ್ಟಿಯ ಗ್ರಿಲ್, ಬಾಗಿಲ ಮೂಲೆಯಲ್ಲಿ ತಿರುಗಿಸಿ ತೆಗೆಯುವ ಪುಟ್ಟ ಗಾಜು. ತುಕ್ಕು ತೆಗೆದು, ತಗಡು ಹಾಕಿ ಮುಗಿದ ಮೇಲೆ ನಿಜವಾದ ಕೆಲಸ ಶುರುವಾಯಿತು: ಬಾಗಿಲು, ಮಡ್‌ಗಾರ್ಡು, ಬಾನೆಟ್ಟುಗಳ ನಡುವಿನ ಸಂದು ಒಂದೇ ಸಮ ತರುವುದು.

ಇದಕ್ಕೆ ಎರಡು ದಾರಿ ಕೇಳಿದ್ದೆ. ಮುಂದಿನಿಂದ ಜೋಡಿಸುತ್ತಾ ಹಿಂದೆ ಬರುವುದು ಒಂದು. ಬಾಗಿಲು ಕೂರಿಸಿ ಅಲ್ಲಿಂದ ಮುಂದೆ ಹೋಗುವುದು ಇನ್ನೊಂದು. ಒಂದೇ ಗಾಡಿಯಲ್ಲಿ ಎರಡನ್ನೂ ನೋಡಿದೆ.

ಎಡಗಡೆ ನಮ್ಮ ಟಿಂಕರಿಂಗ್ ಮೇಸ್ತ್ರಿ ಹೇಳಿದ ಹಾಗೆ. "ಮುಖ ಕೂತ್ರೆ ಉಳಿದದ್ದು ತಾನಾಗೇ ಕೂರುತ್ತೆ ಸಾರ್" ಅಂದರು. ಚಾಸಿಸ್ ನಾಲ್ಕು ಸ್ಟ್ಯಾಂಡಿನ ಮೇಲಿತ್ತು, ಎಂಜಿನ್ ಇರಲಿಲ್ಲ. ರೇಡಿಯೇಟರ್ ಫ್ರೇಮು, ಗ್ರಿಲ್, ಮಡ್‌ಗಾರ್ಡು, ಬಾನೆಟ್ಟು, ಕೊನೆಗೆ ಬಾಗಿಲು. ಬಾನೆಟ್ಟಿನ ಗೆರೆ ಎರಡೇ ದಿನಕ್ಕೆ ಚೆನ್ನಾಗಿ ಬಂತು, ಖುಷಿಯೂ ಆಯಿತು. ಆದರೆ ಬಾಗಿಲು ನೇತುಹಾಕಿದಾಗ ಮಡ್‌ಗಾರ್ಡಿನ ಜೊತೆಗಿನ ಸಂದು ಮೇಲೆ 3 ಮಿ.ಮೀ., ಕೆಳಗೆ 9. ಬಾಗಿಲನ್ನು ಹಿಂದೆ ಸರಿಸಿದರೆ ಅದರ ಹಿಂದಿನ ಅಂಚು ಕ್ಯಾಬಿನ್ ಕಂಬಕ್ಕೆ ಒರೆಸುತ್ತದೆ. ಮುಂದಿನ ತಪ್ಪೆಲ್ಲ ಕೂಡಿ ಬಂದು ಬಾಗಿಲ ಹತ್ತಿರ ನಿಂತಿತ್ತು. ಇಡೀ ಗಾಡಿಯಲ್ಲಿ ಸರಿಯಲು ಅತಿ ಕಡಿಮೆ ಜಾಗ ಇರುವುದೇ ಬಾಗಿಲಿಗೆ.

ಮೂರು ದಿನ ತಿಣುಕಿ ಹೇಗೋ ಎಲ್ಲ ಕಡೆ 5ಕ್ಕೆ ತಂದೆವು. ಆಮೇಲೆ ಆರು ಸಿಲಿಂಡರಿನ ಎಂಜಿನ್ ಕೂರಿಸಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿದೆವು. ಮೇಲಿನ ಸಂದು 7 ಆಯಿತು! ಎರಕದ ಕಬ್ಬಿಣದ ಭಾರಕ್ಕೆ ಚಾಸಿಸ್ ಮೂಗು ಸ್ವಲ್ಪ ಬಗ್ಗುತ್ತದೆ, ಮಡ್‌ಗಾರ್ಡು ಅದರ ಜೊತೆ ಹೋಗುತ್ತದೆ. ಸ್ಟ್ಯಾಂಡಿನ ಮೇಲೆ ಮಾಡಿದ ಅಷ್ಟೂ ಕೆಲಸ ದಂಡವಾಯಿತು.

ಹಾಗಾಗಿ ಬಲಗಡೆ ಶುರು ಮಾಡಿದ್ದೇ ಚಕ್ರದ ಮೇಲೆ, ಎಂಜಿನ್ ಸಮೇತ, ಮಟ್ಟವಾದ ನೆಲದಲ್ಲಿ. ಮೊದಲು ಬಾಗಿಲನ್ನೂ ಮುಟ್ಟಲಿಲ್ಲ. ಬಾಗಿಲು ಕೂರುವ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಟೇಪಿನಲ್ಲಿ ಅಳೆದೆ. ಎರಡು ಅಳತೆಗೂ 4 ಮಿ.ಮೀ. ವ್ಯತ್ಯಾಸ, ಅಂದರೆ ಕ್ಯಾಬಿನ್ನೇ ಸೊಟ್ಟ ಕೂತಿತ್ತು. ಒಂದು ಮೂಲೆಯ ಮೌಂಟಿಂಗ್ ಕೆಳಗೆ 3 ಮಿ.ಮೀ. ಪ್ಯಾಕಿಂಗ್ ಕೊಟ್ಟೆ, ವ್ಯತ್ಯಾಸ 1ಕ್ಕೆ ಇಳಿಯಿತು. ಆಮೇಲೆ ಲಾಕ್ ಇಲ್ಲದೆ, ಬೀಡಿಂಗ್ (ಬಾಗಿಲ ಸುತ್ತಿನ ರಬ್ಬರ್ ಪಟ್ಟಿ) ಇಲ್ಲದೆ ಬರೀ ಬಾಗಿಲು. ಜಾಕಿಯ ಮೇಲೆ ಮರದ ತುಂಡು, ಅದರ ಮೇಲೆ ಮಡಚಿದ ಗೋಣಿ, ಅದರ ಮೇಲೆ ಬಾಗಿಲ ಭಾರ. ಹಿಂಜಿನ ಬೋಲ್ಟು ಅರೆಬರೆ ಬಿಗಿ. ಜಾಕಿಯ ಹಿಡಿ ಕಾಲು ಸುತ್ತು ತಿರುಗಿಸಿದರೆ ಬಾಗಿಲು ಕೂದಲೆಳೆಯಷ್ಟು ಏಳುತ್ತದೆ. ಅದರ ಗೆರೆ ಕ್ಯಾಬಿನ್ ಗೆರೆಗೆ ಸೇರಿದ ಕ್ಷಣಕ್ಕೆ ಬೋಲ್ಟು ಬಿಗಿ ಮಾಡಬೇಕು.

ಹೊಸ ಬೀಡಿಂಗ್ ರಬ್ಬರ್ ಹಾಕಿದಾಗ ಬಾಗಿಲ ಹಿಂಭಾಗ 4 ಮಿ.ಮೀ. ಹೊರಗೆ ಬಂತು. ವಾರ ಮುಚ್ಚಿಟ್ಟ ಮೇಲೆ ರಬ್ಬರ್ ಅದುಮಿ 2 ಒಳಗೆ ಹೋಯಿತು. ಪೇಂಟಿಗೆ ಮುಂಚೆ ಇದನ್ನು ನೋಡಲೇಬೇಕು.

ಬಾಗಿಲು ನಿಂತ ಮೇಲೆ ಮಡ್‌ಗಾರ್ಡನ್ನು ಅದರ ಹತ್ತಿರ ತಂದೆ. ನನಗೆ ಸಿಕ್ಕ ದೊಡ್ಡ ಪಾಠ ರೇಡಿಯೇಟರ್ ಫ್ರೇಮಿನ ಕೆಳಗೆ ಇದೆ. ಅಲ್ಲಿ ಎಸ್.ಪಿ. ರೋಡಿನಿಂದ ತಂದ ದಪ್ಪ ವಾಷರ್ ಒಂದು ಸೇರಿಸಿದರೆ ಮೂಗು ಏಳುತ್ತದೆ, ಬಾಗಿಲ ಪಕ್ಕದ ಸಂದು ಮೇಲ್ಗಡೆ ಕಿರಿದಾಗುತ್ತದೆ. ತೆಗೆದರೆ ಅಗಲವಾಗುತ್ತದೆ. ಅರ್ಧ ಗಂಟೆಯ ಕೆಲಸ. ಇದೇ ಸಂದಿಗಾಗಿ ಎಡಗಡೆ ಮೂರು ದಿನ ಹಿಂಜಿನ ಜೊತೆ ಗುದ್ದಾಡಿದ್ದೆ.

ಅಳೆಯುವುದರಲ್ಲೂ ಮೂರು ನೋಡಿದೆ. ತೆಳು ಲೋಹದ ಪಟ್ಟಿಗಳ ಫೀಲರ್ ಗೇಜ್ ಇಷ್ಟು ದೊಡ್ಡ ಸಂದಿಗೆ ಬೇಡ. ಗುರುತು ಹಾಕಿದ ಮರದ ಬೆಣೆ ಪರವಾಗಿಲ್ಲ, ಆದರೆ ಒತ್ತಿದರೆ ಇನ್ನೂ ಒಳಗೆ ಹೋಗಿ ಸುಳ್ಳು ಹೇಳುತ್ತದೆ. ಡ್ರಿಲ್ ಬಿಟ್ಟಿನ ನುಣುಪು ತುದಿಯೇ ಸರಿ. 5ರ ಬಿಟ್ಟು ಹೋಗಬೇಕು, 6ರದ್ದು ಹೋಗಬಾರದು, ಅಷ್ಟೇ. ಬಣ್ಣ ಬಿದ್ದ ಮೇಲೆ ಮಾತ್ರ ಪ್ಲಾಸ್ಟಿಕ್ ತುಂಡು.

ಬಾಗಿಲ ಕೆಳ ಮೂಲೆಯಲ್ಲಿ 8 ಉಳಿದಿತ್ತು. ಅಂಚಿಗೆ ಪುಟ್ಟಿ ಹಚ್ಚುವುದು ಸುಲಭ. ಹಿಂದೆ ಒಂದು ಗ್ಯಾರೇಜಿನಲ್ಲಿ ಹಾಗೇ ಮಾಡಿದ್ದರು, ನಾಲ್ಕು ಸಲ ಬಾಗಿಲು ಹಾಕುವಷ್ಟರಲ್ಲಿ ಚಕ್ಕೆ ಎದ್ದಿತ್ತು. ಈ ಸಲ 3 ಮಿ.ಮೀ. ಸರಳನ್ನು ಅಂಚಿಗೆ ಚುಕ್ಕಿ ಚುಕ್ಕಿಯಾಗಿ ವೆಲ್ಡ್ ಮಾಡಿ, ಆರಲು ಬಿಟ್ಟು, ಗ್ರೈಂಡ್ ಮಾಡಿಸಿದೆ. ಒಂದು ಪೂರ್ತಿ ದಿನ ಹೋಯಿತು, ಆದರೂ ಇದೇ ಸರಿ. ಬೋಲ್ಟಿನ ತೂತು ಅಗಲ ಮಾಡುವುದನ್ನು ಮಡ್‌ಗಾರ್ಡಿನಲ್ಲಿ ಒಪ್ಪುತ್ತೇನೆ, ದೊಡ್ಡ ವಾಷರ್ ಹಾಕಿದರೆ ಸಾಕು. ಹಿಂಜಿನಲ್ಲಿ ಖಂಡಿತ ಬೇಡ.

ಬಲಗಡೆ ನೋಡಿದ ಮೇಲೆ ಮೇಸ್ತ್ರಿಯೇ ಎಡಗಡೆ ಬಿಚ್ಚಲು ಸ್ಪ್ಯಾನರ್ ತೆಗೆದುಕೊಂಡರು. "ಬಾಗಿಲಿಂದಾನೇ ಹೋಗೋಣ ಸಾರ್" ಅಂದರು. ಒಂದೂವರೆ ದಿನಕ್ಕೆ ಮುಗಿಯಿತು. ಈಗ ಎರಡೂ ಕಡೆ ಐದೂವರೆ ಬಿಟ್ಟಿದ್ದೇವೆ, ಪ್ರೈಮರು ಬಣ್ಣ ಸೇರಿ ಅರ್ಧ ಮಿಲಿಮೀಟರ್ ತಿನ್ನುತ್ತದೆ. ಪೇಂಟಿಗೆ ಬಿಚ್ಚುವ ಮೊದಲು ಪ್ರತಿ ಹಿಂಜು ಮತ್ತು ಕಂಬ ಎರಡನ್ನೂ ಸೇರಿಸಿ 3 ಮಿ.ಮೀ.ನ ಒಂದು ತೂತು ಕೊರೆದಿದ್ದೇವೆ. ವಾಪಸ್ ಜೋಡಿಸುವಾಗ ಆ ತೂತಿಗೆ ಅದೇ ಬಿಟ್ಟು ತೂರಿಸಿದರೆ ಬಾಗಿಲು ಇದೇ ಜಾಗಕ್ಕೆ ಬಂದು ನಿಲ್ಲುತ್ತದೆ.